ಕಣ್ಣಿನ ಮದ್ದು ಕಣ್ಣನ್ನೇ ಬಾಧಿಸಿದಾಗ

ಬಾಟಲಿಯಿಂದ ಕಣ್ಣಿಗೆ ಬೀಳುವ ಒಂದು ಹನಿ ಔಷಧದ ಗಾತ್ರ ಸುಮಾರು 30ರಿಂದ 50 ಮೈಕ್ರೋಲೀಟರ್. ಕೆಳರೆಪ್ಪೆಯನ್ನು ಎಳೆದು ಹಿಡಿದಾಗ ಕಾಣುವ ಸಂದಿನಲ್ಲಿ, ಅಲ್ಲಿ ಮೊದಲೇ ಇರುವ ಕಣ್ಣೀರೂ ಸೇರಿ, ನಿಲ್ಲುವುದು ಹೆಚ್ಚೆಂದರೆ 30 ಮೈಕ್ರೋಲೀಟರ್. ಹೀಗಾಗಿ ಹನಿಯ ಒಂದು ಪಾಲು ಕೆನ್ನೆಯ ಮೇಲೆ ಇಳಿದುಹೋಗುತ್ತದೆ. ಉಳಿದದ್ದರಲ್ಲಿ ಬಹುಭಾಗ ಮೂಗಿನ ಪಕ್ಕದಲ್ಲಿರುವ ಸಣ್ಣ ರಂಧ್ರಗಳ ಮೂಲಕ ಕಣ್ಣೀರಿನ ನಾಳಕ್ಕೂ ಅಲ್ಲಿಂದ ಮೂಗು, ಗಂಟಲಿಗೂ ಹರಿಯುತ್ತದೆ. ಕಣ್ಣಿಗೆ ಮದ್ದು ಬಿಟ್ಟ ಸ್ವಲ್ಪ ಹೊತ್ತಿಗೆ ಬಾಯಿ ಕಹಿಯಾಗುವುದು ಇದರಿಂದಲೇ. ಕಣ್ಣಿನ ಒಳಗೆ ನಿಜವಾಗಿ ಇಳಿಯುವುದು ಹನಿಯಲ್ಲಿದ್ದ ಔಷಧದ ಶೇ 5ಕ್ಕಿಂತ ಕಡಿಮೆ.

ಇಷ್ಟು ಕಡಿಮೆ ಪಾಲು ಒಳಗೆ ಹೋಗುವುದರಿಂದ ಕಣ್ಣಿನ ಔಷಧಗಳನ್ನು ಗಾಢವಾಗಿಯೇ ತಯಾರಿಸಬೇಕಾಗುತ್ತದೆ. ಈ ಗಾಢ ದ್ರವ ಮೊದಲು ತಾಗುವುದು ಕಣ್ಣಿನ ಮೇಲ್ಮೈಗೆ, ಅಂದರೆ ಪಾರದರ್ಶಕವಾದ ಕಾರ್ನಿಯಾಕ್ಕೆ ಮತ್ತು ಬಿಳಿಭಾಗದ ಮೇಲಿನ ತೆಳುಪೊರೆಗೆ. ಮೂಗಿಗೆ ಇಳಿದ ಪಾಲು ಅಲ್ಲಿನ ಒಳಪದರದಿಂದ ನೇರವಾಗಿ ರಕ್ತ ಸೇರುತ್ತದೆ. ನುಂಗಿದ ಮಾತ್ರೆ ಯಕೃತ್ತಿನ ಮೂಲಕ ಹಾದುಹೋಗುವಾಗ ಅದರ ಬಲ ಒಂದಷ್ಟು ಕುಗ್ಗುತ್ತದೆ; ಮೂಗಿನ ದಾರಿಯಲ್ಲಿ ಆ ತಡೆಯೂ ಇಲ್ಲ. ದೃಷ್ಟಿನರವನ್ನು ಕೊಲ್ಲುವ ರೋಗವಾದ ಗ್ಲಾಕೋಮಕ್ಕೆ ಬಳಸುವ ಟಿಮೊಲೋಲ್‌ನ ಒಂದು ಹನಿಯಲ್ಲಿರುವುದು ಸುಮಾರು ಕಾಲು ಮಿಲಿಗ್ರಾಂ ಔಷಧ. ಆದರೂ ಅಸ್ತಮಾ ಇರುವವರಲ್ಲಿ ಅದು ಉಸಿರುಕಟ್ಟಿಸಬಲ್ಲದು, ನಾಡಿಬಡಿತ ನಿಧಾನವಾಗಿರುವವರಲ್ಲಿ ಅದನ್ನು ಇನ್ನಷ್ಟು ಇಳಿಸಬಲ್ಲದು. ಕಣ್ಣಿನ ವೈದ್ಯರು ದಮ್ಮು, ಹೃದಯದ ತೊಂದರೆಗಳ ಬಗ್ಗೆ ಕೇಳಿದಾಗ ಕಣ್ಣಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ರೋಗಿಗಳು ಉತ್ತರ ಹಾರಿಸುವುದುಂಟು. ಸಂಬಂಧ ಇರುವುದು ಈ ಕಣ್ಣೀರಿನ ನಾಳದಲ್ಲಿ.

ಇದನ್ನು ತಡೆಯುವ ಉಪಾಯ ಬಹಳ ಸರಳ. ಹನಿ ಬಿಟ್ಟ ಕೂಡಲೇ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಆಗ ಔಷಧ ಕಣ್ಣಿನಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಔಷಧಗಳಿದ್ದರೆ ನಡುವೆ ಕನಿಷ್ಠ ಐದು ನಿಮಿಷ ಬಿಡಬೇಕು. ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಒಂದು ಸಲಕ್ಕೆ ಎರಡು ಹನಿ ಬಿಟ್ಟರೆ ಗುಣ ಇಮ್ಮಡಿಯಾಗುವುದಿಲ್ಲ, ಕೆನ್ನೆಗೂ ಮೂಗಿಗೂ ಹರಿಯುವುದಷ್ಟೇ ಹೆಚ್ಚುತ್ತದೆ.

ಕಣ್ಣಿನ ಔಷಧಗಳಲ್ಲಿ ಅತಿ ಬೇಗ ಹಿತ ಕೊಡುವುದೂ ಅತಿ ಹೆಚ್ಚು ಸದ್ದಿಲ್ಲದ ಹಾನಿ ಮಾಡುವುದೂ ಸ್ಟಿರಾಯ್ಡ್. 1950ರ ದಶಕದ ಆರಂಭದಲ್ಲಿ ಕಾರ್ಟಿಸೋನ್ ಕಣ್ಣಿನ ಚಿಕಿತ್ಸೆಗೆ ಬಂದಾಗ ಅದು ನಿಜಕ್ಕೂ ಹೊಸ ಯುಗವೇ ಆಗಿತ್ತು. ಕಣ್ಣಿನೊಳಗಿನ ಉರಿಯೂತದಿಂದ ಕುರುಡಾಗುತ್ತಿದ್ದವರ ದೃಷ್ಟಿ ಉಳಿಯಿತು. ಇಂದಿಗೂ ಪೊರೆ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ, ಕಾರ್ನಿಯಾ ಕಸಿ ಮಾಡಿದ ಕಣ್ಣನ್ನು ಕಾಪಾಡುವುದರಲ್ಲಿ, ಯುವಿಯೈಟಿಸ್‌ನಂಥ ರೋಗದಲ್ಲಿ ಸ್ಟಿರಾಯ್ಡ್ ಇಲ್ಲದೆ ಆಗುವುದಿಲ್ಲ. ಆದರೆ ಅದೇ ದಶಕ ಮುಗಿಯುವುದರೊಳಗೆ ಈ ಹನಿಗಳನ್ನು ಬಳಸಿದ ಕೆಲವರ ಕಣ್ಣೊತ್ತಡ ಏರುತ್ತಿರುವುದು ವೈದ್ಯರ ಗಮನಕ್ಕೆ ಬಂದಿತ್ತು.

ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿದ್ರವ ಸದಾ ಉತ್ಪತ್ತಿಯಾಗಿ, ಪಾಪೆಯ ಮೂಲಕ ಮುಂದೆ ಬಂದು, ಕಾರ್ನಿಯಾದ ಅಂಚಿನಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಗೆ ಹೋಗುತ್ತಿರುತ್ತದೆ. ಉತ್ಪತ್ತಿ ಮತ್ತು ಹೊರಹರಿವು ಸರಿತೂಗಿದಾಗ ಕಣ್ಣೊತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಸ್ಟಿರಾಯ್ಡ್ ಈ ಜಾಲರಿಯ ಜೀವಕೋಶಗಳ ಸ್ವಭಾವವನ್ನೇ ಬದಲಿಸುತ್ತದೆ. ಎಳೆಗಳ ನಡುವೆ ಅಂಟಿನಂಥ ವಸ್ತು ಶೇಖರವಾಗುತ್ತದೆ. ಬಚ್ಚಲ ಜಾಲರಿಗೆ ಕೂದಲು ಸಿಕ್ಕಿದಾಗ ನೀರು ಕಟ್ಟಿಕೊಳ್ಳುವಂತೆ, ಕಣ್ಣಿನೊಳಗಿನ ದ್ರವ ಕಟ್ಟಿಕೊಂಡು ಒತ್ತಡ ಏರುತ್ತದೆ. ಏರಿದ ಒತ್ತಡ ದೃಷ್ಟಿನರದ ಎಳೆಗಳನ್ನು ಒಂದೊಂದಾಗಿ ಕೊಲ್ಲುತ್ತದೆ. ನೋವಿಲ್ಲ, ಕೆಂಪಿಲ್ಲ. ನೋಟದ ಅಂಚು ಮೊದಲು ಹೋಗುವುದರಿಂದ ಎದುರಿಗಿರುವ ಅಕ್ಷರ ಕೊನೆಯವರೆಗೂ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ.

1960ರ ದಶಕದಲ್ಲಿ ಅಮೆರಿಕದಲ್ಲಿ ಆರ್ಮಲಿ, ಬೆಕರ್ ಮೊದಲಾದ ಕಣ್ಣಿನ ವೈದ್ಯರು ನಡೆಸಿದ ಅಧ್ಯಯನಗಳಿಂದ ಈ ಹಾನಿಯ ಹರವು ಗೊತ್ತಾಯಿತು. ಕೆಲವು ವಾರ ಸ್ಟಿರಾಯ್ಡ್ ಹನಿ ಬಳಸಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಸಾಧಾರಣವಾಗಿ ಏರುತ್ತದೆ. ನೂರರಲ್ಲಿ ನಾಲ್ಕರಿಂದ ಆರು ಮಂದಿಗೆ ತೀವ್ರವಾಗಿ ಏರುತ್ತದೆ. ಗ್ಲಾಕೋಮ ಇರುವವರಲ್ಲಿ, ಅವರ ಮಕ್ಕಳು ಮತ್ತು ಒಡಹುಟ್ಟಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಚ್ಚು ಮೈನಸ್ ಪವರ್‌ನ ಕನ್ನಡಕ ಹಾಕುವವರಲ್ಲಿ ಈ ಅಪಾಯ ಹೆಚ್ಚು. ಮಕ್ಕಳಲ್ಲಿ ಒತ್ತಡ ಬೇಗ ಏರುತ್ತದೆ, ಎತ್ತರಕ್ಕೂ ಹೋಗುತ್ತದೆ. ಯಾರ ಕಣ್ಣು ಹೀಗೆ ಪ್ರತಿಕ್ರಿಯಿಸುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಔಷಧ ಬಳಸುತ್ತಿರುವಾಗ ಒತ್ತಡ ಅಳೆಯುತ್ತಿರುವುದೊಂದೇ ದಾರಿ.

ಭಾರತದಲ್ಲಿ ಈ ಪೆಟ್ಟು ಹೆಚ್ಚಾಗಿ ಬೀಳುವುದು ಶಾಲೆಗೆ ಹೋಗುವ ಹುಡುಗರಿಗೆ. ಬಿಸಿಲು, ಧೂಳು ಹೆಚ್ಚಿರುವ ಒಣ ಪ್ರದೇಶಗಳಲ್ಲಿ ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ವರ್ನಲ್ ಎಂಬ ಕಣ್ಣಿನ ಅಲರ್ಜಿ ಬರುತ್ತದೆ. ಸಹಿಸಲಾಗದ ತುರಿಕೆ, ಕೆಂಪು, ದಾರದಂತೆ ಎಳೆಯುವ ಪಿಚ್ಚು. ಬೇಸಿಗೆಯಲ್ಲಿ ಹೆಚ್ಚಾಗಿ, ಮಳೆಗಾಲಕ್ಕೆ ಇಳಿದು, ಮರುವರ್ಷ ಮತ್ತೆ ಕಾಣಿಸಿಕೊಳ್ಳುತ್ತದೆ. ವೈದ್ಯರು ಮೊದಲ ಸಲ ಎರಡು ವಾರಕ್ಕೆಂದು ಸ್ಟಿರಾಯ್ಡ್ ಹನಿ ಬರೆದುಕೊಡುತ್ತಾರೆ. ಎರಡೇ ದಿನದಲ್ಲಿ ಮಗುವಿನ ಕಣ್ಣು ಬೆಳ್ಳಗಾಗುತ್ತದೆ. ಮುಂದಿನ ಸಲ ತಾಯ್ತಂದೆ ಹಳೆಯ ಬಾಟಲಿಯನ್ನೇ ಮೆಡಿಕಲ್ ಶಾಪಿನಲ್ಲಿ ತೋರಿಸಿ ಇನ್ನೊಂದನ್ನು ತರುತ್ತಾರೆ. ಹೀಗೆ ಎರಡು ಮೂರು ವರ್ಷ ಸಾಗುತ್ತದೆ. ಮಗುವಿಗೆ ಹಲಗೆ ಮಸುಕು ಎಂದು ಶಿಕ್ಷಕರು ಹೇಳಿ ಕಳಿಸುವ ಹೊತ್ತಿಗೆ ದೃಷ್ಟಿನರದ ಬಹುಭಾಗ ಸತ್ತಿರಬಹುದು. ಸ್ಟಿರಾಯ್ಡ್ ನಿಲ್ಲಿಸಿದರೆ ಒತ್ತಡ ಸಾಮಾನ್ಯವಾಗಿ ವಾರಗಳಲ್ಲಿ ಇಳಿಯುತ್ತದೆ. ಸತ್ತ ನರ ಮಾತ್ರ ಮರಳುವುದಿಲ್ಲ. ತಡೆಯಬಹುದಾದ ಕುರುಡುಗಳಲ್ಲಿ ಇಷ್ಟು ಅನ್ಯಾಯದ್ದು ಇನ್ನೊಂದಿಲ್ಲ.

ಕಾನೂನಿನ ಪ್ರಕಾರ ಸ್ಟಿರಾಯ್ಡ್ ಹನಿಗಳು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಗಳು. ನಡೆಯುವುದು ಬೇರೆ. ಮದ್ರಾಸ್ ಐ ಹಬ್ಬಿದಾಗ ಬಹಳ ಕಡೆ ಕೌಂಟರಿನಿಂದ ಕೈಗೆ ಬರುವುದು ಆ್ಯಂಟಿಬಯಾಟಿಕ್ ಮತ್ತು ಸ್ಟಿರಾಯ್ಡ್ ಬೆರೆಸಿದ ಹನಿ. ಮದ್ರಾಸ್ ಐ ಹೆಚ್ಚಾಗಿ ವೈರಸ್ಸಿನಿಂದ ಬಂದು ಒಂದೆರಡು ವಾರದಲ್ಲಿ ತಾನೇ ಹೋಗುವ ಬೇನೆ. ಬಾಟಲಿಯ ಮೇಲಿನ ಕಂಪನಿಯ ಹೆಸರಿಗಿಂತ ಕೆಳಗಿರುವ ಸಣ್ಣ ಅಕ್ಷರಗಳನ್ನು ಓದುವುದು ಮುಖ್ಯ: ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಡೈಫ್ಲುಪ್ರೆಡ್ನೇಟ್ ಎಂದಿದ್ದರೆ ಅದು ಪ್ರಬಲ ಸ್ಟಿರಾಯ್ಡ್. ಫ್ಲೋರೊಮೆಥಲೋನ್, ಲೋಟೆಪ್ರೆಡ್ನಾಲ್ ಎಂಬವು ಒತ್ತಡವನ್ನು ಅಷ್ಟಾಗಿ ಏರಿಸುವುದಿಲ್ಲ, ಆದರೆ ಏರಿಸುವುದೇ ಇಲ್ಲ ಎನ್ನುವಂತಿಲ್ಲ. ಅಲರ್ಜಿಗೆ ವರ್ಷಗಟ್ಟಲೆ ಬಳಸಬಹುದಾದ ಸ್ಟಿರಾಯ್ಡ್ ಅಲ್ಲದ ಔಷಧಗಳಿವೆ: ಓಲೋಪಟಡಿನ್, ಕೀಟೋಟಿಫೆನ್, ತೀವ್ರವಾಗಿದ್ದರೆ ವೈದ್ಯರ ನಿಗಾದಲ್ಲಿ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್.

ಸ್ಟಿರಾಯ್ಡ್‌ನ ಇನ್ನೊಂದು ಹಾನಿ ಕಣ್ಣಿನ ಪೊರೆ. ವಯಸ್ಸಾದವರ ಪೊರೆಗಿಂತ ಇದು ಬೇರೆ ಬಗೆಯದು. ಮಸೂರದ ಹಿಂಬದಿಯ ನಡುಭಾಗದಲ್ಲಿ ಕಟ್ಟುತ್ತದೆ. ಅದರಿಂದ ಓದುವಾಗ ಮತ್ತು ರಾತ್ರಿ ಎದುರಿನ ವಾಹನದ ಬೆಳಕು ಬಿದ್ದಾಗ ತೊಂದರೆ ಮೊದಲು ಗೊತ್ತಾಗುತ್ತದೆ. ಕಣ್ಣಿಗೆ ಬಿಡುವ ಹನಿಯಿಂದಷ್ಟೇ ಅಲ್ಲ, ಕೀಲುನೋವು, ಚರ್ಮರೋಗ, ಅಸ್ತಮಾಕ್ಕೆಂದು ದೀರ್ಘಕಾಲ ನುಂಗುವ ಸ್ಟಿರಾಯ್ಡ್ ಮಾತ್ರೆಯಿಂದಲೂ, ರೆಪ್ಪೆಗೆ ಹಚ್ಚುವ ಮುಲಾಮಿನಿಂದಲೂ ಇದು ಬರಬಹುದು.

ಮೂರನೆಯ ಹಾನಿ ಹೊಲಗದ್ದೆಯಲ್ಲಿ ದುಡಿಯುವವರದು. ಭತ್ತದ ಹೊಟ್ಟು, ಕಬ್ಬಿನ ಗರಿ, ಜೋಳದ ಎಲೆ ಕಣ್ಣಿಗೆ ತಾಗಿ ಕಾರ್ನಿಯಾ ಗೀಚಿದಾಗ ಫ್ಯೂಸೇರಿಯಂ, ಆಸ್ಪರ್‌ಜಿಲ್ಲಸ್ ಎಂಬ ಶಿಲೀಂಧ್ರಗಳು ಒಳಹೊಕ್ಕು ಹುಣ್ಣಾಗುತ್ತದೆ. ದಕ್ಷಿಣ ಭಾರತದಲ್ಲಿ ಕಾರ್ನಿಯಾ ಹುಣ್ಣಿಗೆ ಶಿಲೀಂಧ್ರ ಒಂದು ಪ್ರಮುಖ ಕಾರಣ. ಇಂಥ ಕಣ್ಣಿಗೆ ಸ್ಟಿರಾಯ್ಡ್ ಬೆರೆತ ಹನಿ ಬಿದ್ದರೆ ದೇಹದ ಪ್ರತಿರೋಧ ಅಡಗುತ್ತದೆ, ಕೆಂಪು ನೋವು ಒಂದೆರಡು ದಿನ ತಗ್ಗುತ್ತದೆ, ಒಳಗೆ ಶಿಲೀಂಧ್ರ ಅಡ್ಡಿಯಿಲ್ಲದೆ ಬೆಳೆಯುತ್ತದೆ. ಹರ್ಪಿಸ್ ವೈರಸ್ಸಿನ ಹುಣ್ಣಿನಲ್ಲೂ ಇದೇ ಕತೆ. ಶಿಲೀಂಧ್ರದ ಹುಣ್ಣಿಗೆ ನ್ಯಾಟಮೈಸಿನ್ ಎಂಬ ಬಿಳಿ, ಗಟ್ಟಿ ಹನಿಯಿದೆ. ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, ಹೊಸ ಔಷಧವಾದ ವೊರಿಕೊನಝೋಲ್‌ಗಿಂತ ಈ ಹಳೆಯ ನ್ಯಾಟಮೈಸಿನ್ನೇ ಮೇಲು ಎಂದು ತೋರಿಸಿತು. ಹಳ್ಳಿಗಳಲ್ಲಿ ಕಣ್ಣಿಗೆ ಪೆಟ್ಟಾದಾಗ ಎದೆಹಾಲು, ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ ಹಾಕುವ ರೂಢಿ ಇನ್ನೂ ಇದೆ. ಪ್ರೀತಿಯಿಂದಲೇ ಮಾಡುವ ಉಪಚಾರ ಅದು; ಆದರೆ ಗೀರಿದ ಕಾರ್ನಿಯಾಕ್ಕೆ ಅವು ಹೊಸ ಸೋಂಕನ್ನು ಹೊತ್ತು ತರುತ್ತವೆ ಮತ್ತು ಆಸ್ಪತ್ರೆಗೆ ಹೋಗುವುದನ್ನು ತಡಮಾಡುತ್ತವೆ.

ಗ್ಲಾಕೋಮದ ಹನಿಗಳ ಸ್ಥಿತಿ ಬೇರೆ. ಇವನ್ನು ಜೀವಮಾನವಿಡೀ ಬಳಸಬೇಕು. ರೋಗದಿಂದ ಯಾವ ಬಾಧೆಯೂ ಕಾಣದಿರುವಾಗ ಔಷಧದಿಂದ ಉರಿ, ಕೆಂಪು ಬಂದರೆ ರೋಗಿ ಔಷಧವನ್ನೇ ಬಿಟ್ಟುಬಿಡುತ್ತಾನೆ. ಆದ್ದರಿಂದ ಯಾವ ತೊಂದರೆ ನಿರೀಕ್ಷಿತ, ಯಾವುದು ಅಪಾಯಕರ ಎಂದು ತಿಳಿದಿರುವುದು ದೃಷ್ಟಿ ಉಳಿಸಿಕೊಳ್ಳುವುದರ ಭಾಗವೇ.

1996ರಲ್ಲಿ ಬಳಕೆಗೆ ಬಂದ ಲಟಾನೊಪ್ರೋಸ್ಟ್ ಮತ್ತು ಅದರ ಗುಂಪಿನ ಬೈಮ್ಯಾಟೊಪ್ರೋಸ್ಟ್, ಟ್ರಾವೊಪ್ರೋಸ್ಟ್ ಹನಿಗಳನ್ನು ರಾತ್ರಿ ಒಂದು ಸಲ ಬಿಟ್ಟರೆ ಸಾಕು. ಇವು ಉಸಿರಾಟಕ್ಕೂ ಹೃದಯಕ್ಕೂ ತೊಂದರೆ ಕೊಡುವುದು ಅಪರೂಪ. ಆದರೆ ಕಣ್ಣು ಕೆಂಪಾಗುತ್ತದೆ, ರೆಪ್ಪೆಗೂದಲು ಉದ್ದವಾಗಿ ದಟ್ಟವಾಗುತ್ತದೆ, ರೆಪ್ಪೆಯ ಚರ್ಮ ಕಪ್ಪಾಗುತ್ತದೆ, ಕಣ್ಣುಗುಡ್ಡೆಯ ಸುತ್ತಲ ಕೊಬ್ಬು ಕರಗಿ ಕಣ್ಣು ಒಳಗಿಳಿದಂತೆ ಕಾಣುತ್ತದೆ. ಒಂದೇ ಕಣ್ಣಿಗೆ ಬಿಡುವವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ತಿಳಿಬಣ್ಣದ ಕಣ್ಣುಗಳಲ್ಲಿ ಪಾಪೆಯ ಸುತ್ತಲ ಭಾಗ ಶಾಶ್ವತವಾಗಿ ಕಂದಾಗುವುದೂ ಉಂಟು. ಗಾಢಕಂದು ಕಣ್ಣಿನ ಭಾರತೀಯರಲ್ಲಿ ಅದು ಹೆಚ್ಚು ತಿಳಿಯುವುದಿಲ್ಲ. ರೆಪ್ಪೆಗೂದಲು ಬೆಳೆಯುವ ಈ ಅಡ್ಡಪರಿಣಾಮವನ್ನೇ ಹಿಡಿದು 2008ರಲ್ಲಿ ಅಮೆರಿಕದಲ್ಲಿ ಬೈಮ್ಯಾಟೊಪ್ರೋಸ್ಟನ್ನು ಸೌಂದರ್ಯವರ್ಧಕ ಔಷಧವಾಗಿ ಮಾರಲು ಅನುಮತಿ ಸಿಕ್ಕಿತು. ಬ್ರಿಮೊನಿಡಿನ್ ಎಂಬ ಇನ್ನೊಂದು ಹನಿ ತಿಂಗಳುಗಳ ಬಳಕೆಯ ನಂತರ ಅಲರ್ಜಿ ತರಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಬಿಡಲೇಬಾರದು. ಮಗು ಮಂಪರಿಗೆ ಜಾರಿ ಉಸಿರಾಟವೇ ನಿಲ್ಲಬಹುದು. ಡಾರ್ಝೊಲಮೈಡ್ ಸಾಮಾನ್ಯವಾಗಿ ಉರಿಯುತ್ತದೆ, ಬಾಯಿ ಕಹಿ ಮಾಡುತ್ತದೆ.

ಈ ಪೈಕಿ ಅತಿ ಹಳೆಯದು ಪೈಲೋಕಾರ್ಪಿನ್. ದಕ್ಷಿಣ ಅಮೆರಿಕದ ಜಬೊರಾಂಡಿ ಗಿಡದಿಂದ 1870ರ ದಶಕದಲ್ಲಿ ಬೇರ್ಪಡಿಸಿದ ಇದು ಪಾಪೆಯನ್ನು ಕುಗ್ಗಿಸುತ್ತದೆ. ಮಂದ ಬೆಳಕಿನಲ್ಲಿ ಕತ್ತಲೆಗಟ್ಟುವುದು, ಹುಬ್ಬಿನ ಮೇಲೆ ನೋವು ಇದರ ಸಾಮಾನ್ಯ ಉಪದ್ರವಗಳು. ಹೆಚ್ಚು ಮೈನಸ್ ಪವರ್ ಇರುವವರಲ್ಲಿ ಅಪರೂಪಕ್ಕೆ ರೆಟಿನಾ ಕಿತ್ತುಬರುವ ಅಪಾಯವೂ ಇದೆ. ಹಿಂದೆ ಸರಿದಿದ್ದ ಈ ಔಷಧ ಈಗ ಓದುವ ಕನ್ನಡಕಕ್ಕೆ ಬದಲಿಯೆಂದು ಮತ್ತೆ ಬಂದಿದೆ. ಭಾರತದಲ್ಲಿ 2024ರಲ್ಲಿ ಅಂಥ ಒಂದು ಹನಿಗೆ ಅನುಮತಿ ದೊರೆತು, ಅನುಮತಿ ಇಲ್ಲದ ಗುಣಗಳನ್ನು ಹೇಳಿಕೊಂಡು ಪ್ರಚಾರ ಮಾಡಿದ್ದರಿಂದ ಸೆಪ್ಟೆಂಬರಿನಲ್ಲಿ ಔಷಧ ನಿಯಂತ್ರಕರು ಆ ಅನುಮತಿಯನ್ನು ಅಮಾನತಿನಲ್ಲಿಟ್ಟರು.

ಪಾಪೆಯನ್ನು ಹಿಗ್ಗಿಸುವ ಹನಿಗಳಲ್ಲಿ ಟ್ರೋಪಿಕಮೈಡ್ ಪರಿಣಾಮ ನಾಲ್ಕರಿಂದ ಆರು ಗಂಟೆ, ಸೈಕ್ಲೋಪೆಂಟೊಲೇಟ್‌ನದು ಒಂದು ದಿನ, ಅಟ್ರೋಪಿನ್‌ನದು ಒಂದೆರಡು ವಾರ. ಈ ಹೊತ್ತಿನಲ್ಲಿ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಕಾಣುವುದಿಲ್ಲ, ಗಾಡಿ ಓಡಿಸಬಾರದು. ಹಿತ್ತಲ ದತ್ತೂರಿ ಗಿಡದಲ್ಲೂ ಅಟ್ರೋಪಿನ್ ಬಳಗದ ವಸ್ತುಗಳಿವೆ. ಅದನ್ನು ಕಿತ್ತ ಕೈಯಿಂದ ಕಣ್ಣು ಉಜ್ಜಿಕೊಂಡರೆ ಒಂದೇ ಕಣ್ಣಿನ ಪಾಪೆ ಅಗಲವಾಗಿ, ಮಿದುಳಿಗೇನೋ ಆಯಿತೆಂಬ ಗಾಬರಿಯಲ್ಲಿ ಜನ ಆಸ್ಪತ್ರೆಗೆ ಬರುವುದುಂಟು. ಚಿಕ್ಕ ಮಕ್ಕಳಿಗೆ ಅಟ್ರೋಪಿನ್ ಬಿಟ್ಟಾಗ ಮುಖ ಕೆಂಪೇರಿ, ಬಾಯೊಣಗಿ, ಜ್ವರ ಬಂದರೆ ಔಷಧ ಮೈಗೆ ಏರಿದೆ ಎಂದರ್ಥ. ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಕ್ಕಳ ಮೈನಸ್ ಪವರ್ ಏರುವುದನ್ನು ನಿಧಾನಿಸಲು ಈಗ ಬಳಸುವ ಶೇ 0.01ರ ಅಟ್ರೋಪಿನ್ ಸಿಂಗಪುರದ ಅಧ್ಯಯನಗಳಿಂದ ಬಂದದ್ದು; ಅಷ್ಟು ತೆಳುವಾಗಿರುವುದರಿಂದ ಈ ಉಪದ್ರವಗಳು ಬಹಳ ಕಡಿಮೆ. ಕಣ್ಣಿನ ಮುಂಭಾಗ ಕಿರಿದಾಗಿರುವ ಕೆಲವರಲ್ಲಿ ಮಾತ್ರ ಪಾಪೆ ಹಿಗ್ಗಿದಾಗ ದ್ರವದ ದಾರಿ ಥಟ್ಟನೆ ಮುಚ್ಚಿ ತಡೆಯಲಾಗದ ನೋವು, ವಾಂತಿ, ಮಸುಕು ಬರುತ್ತದೆ. ಅದು ಆ ದಿನವೇ ಚಿಕಿತ್ಸೆ ಆಗಬೇಕಾದ ಸ್ಥಿತಿ.

ಕಣ್ಣನ್ನು ಮರಗಟ್ಟಿಸುವ ಹನಿಯ ಚರಿತ್ರೆ 1884ರಲ್ಲಿ ವಿಯೆನ್ನಾದಲ್ಲಿ ಶುರುವಾಯಿತು. ಕಾರ್ಲ್ ಕೋಲರ್ ಎಂಬ ಯುವ ವೈದ್ಯ ಕೊಕೇನ್ ದ್ರಾವಣವನ್ನು ಕಣ್ಣಿಗೆ ಬಿಟ್ಟರೆ ನೋವೇ ತಿಳಿಯುವುದಿಲ್ಲ ಎಂದು ತೋರಿಸಿಕೊಟ್ಟ. ಕಣ್ಣಿನ ಶಸ್ತ್ರಚಿಕಿತ್ಸೆಯ ದಾರಿಯೇ ಬದಲಾಯಿತು. ಈಗ ಅದರ ಜಾಗದಲ್ಲಿ ಪ್ರೊಪರಕೇನ್ ಇದೆ. ಪರೀಕ್ಷೆಗೆಂದು ಒಂದೆರಡು ಹನಿ ಬಿಟ್ಟರೆ ತೊಂದರೆಯಿಲ್ಲ. ವೆಲ್ಡಿಂಗ್ ಬೆಳಕಿಗೆ ಕಣ್ಣು ಉರಿಯುವವರು ಇದನ್ನು ಹೇಗೋ ಸಂಪಾದಿಸಿ ಮತ್ತೆ ಮತ್ತೆ ಬಿಟ್ಟುಕೊಂಡಾಗ ಅನಾಹುತವಾಗುತ್ತದೆ. ಕಾರ್ನಿಯಾದ ನರ ಸುಮ್ಮನಾದರೆ ಗಾಯ ಮಾಯುವ ಕ್ರಿಯೆಯೂ ನಿಲ್ಲುತ್ತದೆ. ಹುಣ್ಣಾಗಿ, ಕರಗಿ, ತೂತಾಗುವವರೆಗೂ ಹೋಗಬಹುದು. ಈ ಹನಿ ಯಾವ ಕಾರಣಕ್ಕೂ ಮನೆಗೆ ಬರಬಾರದು.

ಕೆಂಪು ಹೋಗಿಸಿ ಕಣ್ಣು ಬೆಳ್ಳಗೆ ಮಾಡುವ ಹನಿಗಳಲ್ಲಿರುವ ನ್ಯಾಫಝೋಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಪರಿಣಾಮ ಇಳಿದ ಕೂಡಲೇ ಅವು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ಕೆಂಪು ಹೆಚ್ಚಾಯಿತೆಂದು ಮತ್ತೆ ಬಿಡುತ್ತಾರೆ, ಬಿಟ್ಟಷ್ಟೂ ಹೆಚ್ಚುತ್ತದೆ. ಬೇರೆ ಕೆಲವು ಸಲ ದೋಷ ಔಷಧದ್ದಲ್ಲ, ಬಾಟಲಿ ಕೆಡದಿರಲೆಂದು ಬೆರೆಸುವ ಬೆಂಝಾಲ್ಕೋನಿಯಂ ಕ್ಲೋರೈಡ್‌ನದು. ಅದರ ಗುಣ ಸಾಬೂನಿನ ಜಾತಿಯದು. ಸೂಕ್ಷ್ಮಜೀವಿಗಳನ್ನು ಕೊಲ್ಲುವಂತೆಯೇ ಕಣ್ಣೀರಿನ ಎಣ್ಣೆಪದರವನ್ನೂ ಒಡೆಯುತ್ತದೆ. ವರ್ಷಗಟ್ಟಲೆ ಎರಡು ಮೂರು ಗ್ಲಾಕೋಮ ಹನಿ ಬಿಡುವವರಲ್ಲಿ ಕಣ್ಣೊಣಗುವುದಕ್ಕೆ ಇದೊಂದು ದೊಡ್ಡ ಕಾರಣ. ಅಂಥವರಿಗೆ ಸಂರಕ್ಷಕ ಇಲ್ಲದ ಹನಿಗಳು ಸಿಗುತ್ತವೆ, ಬೆಲೆ ಹೆಚ್ಚು.

ಬೇರೆ ರೋಗಗಳಿಗೆ ನುಂಗುವ ಔಷಧಗಳೂ ಕಣ್ಣನ್ನು ತಟ್ಟುತ್ತವೆ. ಭಾರತದಲ್ಲಿ ಇವುಗಳಲ್ಲಿ ಮುಖ್ಯವಾದುದು ಕ್ಷಯಕ್ಕೆ ಕೊಡುವ ಇಥಾಂಬ್ಯುಟಾಲ್. ರಾಷ್ಟ್ರೀಯ ಕಾರ್ಯಕ್ರಮದ ಈಗಿನ ಕ್ರಮದಲ್ಲಿ ಅದು ಆರು ತಿಂಗಳೂ ಮುಂದುವರಿಯುತ್ತದೆ. ಕೆಲವರಲ್ಲಿ ಇದು ದೃಷ್ಟಿನರವನ್ನು ಬಾಧಿಸುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಔಷಧ ಮೈಯಲ್ಲೇ ಉಳಿಯುವುದರಿಂದ ಅಪಾಯ ಹೆಚ್ಚು. ಎರಡೂ ಕಣ್ಣು ನೋವಿಲ್ಲದೆ ಮಂಜಾಗುವುದು, ಕೆಂಪು ಹಸಿರು ಬಣ್ಣಗಳು ಮಾಸಿದಂತೆ ಕಾಣುವುದು ಇದರ ಮುನ್ಸೂಚನೆ. ಹಾಗಾದ ದಿನವೇ ವೈದ್ಯರಿಗೆ ತಿಳಿಸಬೇಕು; ಬೇಗ ನಿಲ್ಲಿಸಿದರೆ ಬಹಳ ಮಂದಿಗೆ ತಿಂಗಳುಗಳಲ್ಲಿ ದೃಷ್ಟಿ ಮರಳುತ್ತದೆ. ಆದರೆ ರೋಗಿ ತಾನಾಗಿ ಕ್ಷಯದ ಔಷಧ ಬಿಡುವುದು ಸಲ್ಲ. ಇಥಾಂಬ್ಯುಟಾಲ್ ತೆಗೆದು ಉಳಿದವುಗಳನ್ನು ಮುಂದುವರಿಸುವ ದಾರಿ ವೈದ್ಯರಿಗೆ ಗೊತ್ತಿರುತ್ತದೆ.

ಲೂಪಸ್, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ರೆಟಿನಾದ ನಡುಭಾಗದಲ್ಲಿ ನಿಧಾನವಾಗಿ ಹಾನಿ ಮಾಡುತ್ತದೆ, ಆ ಹಾನಿ ಶಾಶ್ವತ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರದಂತೆ ಬಳಸಿದರೆ ಮೊದಲ ಐದು ವರ್ಷದಲ್ಲಿ ಅಪಾಯ ಶೇ 1ಕ್ಕಿಂತ ಕಡಿಮೆ, ಇಪ್ಪತ್ತು ವರ್ಷದ ಬಳಿಕ ಶೇ 20ರ ಸಮೀಪ. ಮೊದಲ ವರ್ಷದಲ್ಲಿ ಒಂದು ಪರೀಕ್ಷೆ, ಐದು ವರ್ಷದ ನಂತರ ವರ್ಷಕ್ಕೊಂದು ಪರೀಕ್ಷೆ ಎಂಬ ಕ್ರಮ ಇದಕ್ಕಾಗಿಯೇ ಇದೆ. ಪ್ರಾಸ್ಟೇಟ್ ತೊಂದರೆಗೆ ನುಂಗುವ ಟ್ಯಾಮ್ಸುಲೊಸಿನ್ ಪೊರೆ ಶಸ್ತ್ರಚಿಕಿತ್ಸೆಯ ವೇಳೆ ಪಾಪೆಯ ಸುತ್ತಲ ಭಾಗವನ್ನು ಸಡಿಲಗೊಳಿಸಿ ಪಾಪೆಯನ್ನು ಕುಗ್ಗಿಸುತ್ತದೆ. ಇದು ತಿಳಿದದ್ದು 2005ರಲ್ಲಿ. ಮಾತ್ರೆಯನ್ನು ಬಿಟ್ಟು ಬಹಳ ದಿನವಾಗಿದ್ದರೂ ಶಸ್ತ್ರಚಿಕಿತ್ಸಕರಿಗೆ ಹೇಳಬೇಕು. ಮೈಗ್ರೇನ್‌ಗೆ ಕೊಡುವ ಟೊಪಿರಮೇಟ್ ಮೊದಲ ವಾರಗಳಲ್ಲಿ ಎರಡೂ ಕಣ್ಣಿನ ಒತ್ತಡವನ್ನು ದಿಢೀರನೆ ಏರಿಸಬಹುದು. ಸಲ್ಫಾ ಔಷಧಗಳು, ಫಿಟ್ಸ್‌ಗೆ ಕೊಡುವ ಕಾರ್ಬಮಝೆಪಿನ್, ಫೆನಿಟೋಯಿನ್ ಅತಿ ವಿರಳವಾಗಿ ತರುವ ಸ್ಟೀವನ್ಸ್ ಜಾನ್ಸನ್ ಪ್ರತಿಕ್ರಿಯೆಯಲ್ಲಿ ಮೈಚರ್ಮ ಸುಟ್ಟಂತೆ ಏಳುತ್ತದೆ. ಜೀವ ಉಳಿದವರಿಗೂ ರೆಪ್ಪೆ ಅಂಟಿ ಕಾರ್ನಿಯಾ ಮಸುಕಾಗುವ ಭಯವಿರುವುದರಿಂದ ಮೊದಲ ದಿನಗಳಲ್ಲೇ ಕಣ್ಣಿನ ವೈದ್ಯರು ನೋಡಬೇಕಾಗುತ್ತದೆ.

ಕೊನೆಯದಾಗಿ ಬಾಟಲಿಯ ಮಾತು. 2023ರಲ್ಲಿ ಅಮೆರಿಕದಲ್ಲಿ, ತಮಿಳುನಾಡಿನ ಕಾರ್ಖಾನೆಯೊಂದರಲ್ಲಿ ತಯಾರಾದ ಕೃತಕ ಕಣ್ಣೀರಿನ ಹನಿಗಳ ಜೊತೆ ತಳಕು ಹಾಕಿಕೊಂಡ ಸ್ಯೂಡೊಮೊನಾಸ್ ಸೋಂಕು 18 ರಾಜ್ಯಗಳಿಗೆ ಹರಡಿತು. 81 ಮಂದಿಗೆ ತಗಲಿ, 14 ಮಂದಿ ದೃಷ್ಟಿ ಕಳೆದುಕೊಂಡು, ನಾಲ್ವರು ಸತ್ತರು. ಆ ಹನಿಯಲ್ಲಿ ಸಂರಕ್ಷಕ ಇರಲಿಲ್ಲ, ಆದರೂ ಅದು ಪದೇ ಪದೇ ತೆರೆದು ಬಳಸುವ ಬಾಟಲಿಯಲ್ಲಿತ್ತು. ಕಾರ್ಖಾನೆಯ ಶುದ್ಧತೆ ರೋಗಿಯ ಕೈಯಲ್ಲಿಲ್ಲ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಬಾಟಲಿಯ ತುದಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗದಂತೆ ಬಿಡುವುದು, ಒಬ್ಬರ ಹನಿಯನ್ನು ಇನ್ನೊಬ್ಬರು ಬಳಸದಿರುವುದು, ತೆರೆದ ದಿನಾಂಕವನ್ನು ಲೇಬಲ್ಲಿನ ಮೇಲೆ ಬರೆದು, ಬೇರೆ ಸೂಚನೆ ಇಲ್ಲದಿದ್ದರೆ ಒಂದು ತಿಂಗಳಿಗೆ ಎಸೆಯುವುದು. ಔಷಧದಿಂದ ಕಣ್ಣಿಗೆ ತೊಂದರೆಯಾಯಿತೆಂಬ ಅನುಮಾನ ಬಂದರೆ ರೋಗಿಯೇ ನೇರವಾಗಿ ವರದಿ ಮಾಡಬಹುದು. 2010ರಲ್ಲಿ ಆರಂಭವಾದ ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ಅದರ ಗ್ರಾಹಕರ ನಮೂನೆ ಕನ್ನಡದಲ್ಲೂ ಸಿಗುತ್ತದೆ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಬಳಸಿದ ದಿನಗಳನ್ನು ಅದರಲ್ಲಿ ಕೇಳಿರುತ್ತಾರೆ. ಹಾಗಾಗಿ ತೊಂದರೆ ಕೊಟ್ಟ ಬಾಟಲಿಯನ್ನು ಎಸೆಯದೆ ಇಟ್ಟುಕೊಂಡು ವೈದ್ಯರಿಗೂ ತೋರಿಸಬೇಕು.